ಲಾರಿ ಕಲಿಸುವ ಶಾಲೆಯೋ, ಕಾಗದ ಮಾರುವ ಅಂಗಡಿಯೋ?

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೈಕೊಟ್ಟ ವರ್ಷ ಹಳ್ಳಿಯ ಹುಡುಗರಿಗೆ ಕಾಣುವುದು ಎರಡೇ ದಾರಿ. ಒಂದು ಬೆಂಗಳೂರಿನ ಗಾರೆ ಕೆಲಸ, ಇನ್ನೊಂದು ಲಾರಿ. ಚಿತ್ರದುರ್ಗದ ಮಗ್ಗುಲಲ್ಲೇ ಬೆಂಗಳೂರು–ಪುಣೆ ಹೆದ್ದಾರಿ ಹಗಲಿರುಳು ಗುಡುಗುತ್ತಿದೆ. ಅದನ್ನು ನೋಡುತ್ತ ಬೆಳೆದ ಹುಡುಗನಿಗೆ ಸ್ಟೇರಿಂಗು ಹಿಡಿದರೆ ಹೊಟ್ಟೆ ತುಂಬೀತು ಎನ್ನಿಸುವುದು ಸಹಜ. ಅದನ್ನು ನಾವು ತಪ್ಪೆನ್ನುವುದಿಲ್ಲ. ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ. ನಮ್ಮ ತಕರಾರು ಇರುವುದು ಆ ಹುಡುಗನ ಆಸೆಯನ್ನೇ ಬಂಡವಾಳ ಮಾಡಿಕೊಂಡ ಅಂಗಡಿಗಳ ಮೇಲೆ, ಅವುಗಳನ್ನು ಕಂಡೂ ಕಾಣದಂತಿರುವ ಸರ್ಕಾರದ ಮೇಲೆ.

ಕಳೆದ ತಿಂಗಳು ಪಕ್ಷದ ಕಛೇರಿಗೆ ಒಬ್ಬ ಹುಡುಗ ಬಂದ. ತಾಯಿಯ ಓಲೆ ಒತ್ತೆಯಿಟ್ಟು ಹನ್ನೆರಡು ಸಾವಿರ ರೂಪಾಯಿಯನ್ನು ಒಂದು ಡ್ರೈವಿಂಗ್ ಸ್ಕೂಲಿಗೆ ಕಟ್ಟಿದ್ದ. ತಿಂಗಳ ತರಬೇತಿ ಎಂದಿದ್ದರು. ಅವನು ಲಾರಿ ಹತ್ತಿದ್ದು ನಾಲ್ಕು ದಿನ, ದಿನಕ್ಕೆ ಕಾಲು ಗಂಟೆ. ಅದೂ ಖಾಲಿ ಲಾರಿ, ಬಯಲಿನಲ್ಲಿ. "ಮಿಕ್ಕಿದ್ದು ನಾವು ನೋಡ್ಕೊಂತೀವಿ, ನೀನು ಇಲ್ಲಿ ಸೈನು ಹಾಕು" ಎಂದರಂತೆ. ಹಾಕಿದ. ತರಬೇತಿ ಮುಗಿಯಿತೆಂಬ ಸರ್ಟಿಫಿಕೇಟು ಬಂತು, ಬೆನ್ನಿಗೇ ಲೈಸೆನ್ಸೂ ಬಂತು. ಆಮೇಲೆ ಅದಿರು ತುಂಬಿದ ಲಾರಿಯನ್ನು ಕೈಗೆ ಕೊಟ್ಟ ಮಾಲೀಕ ಒಂದು ಫರ್ಲಾಂಗು ನೋಡಿ ಕೆಳಗಿಳಿಸಿದ. "ಮೇಷ್ಟ್ರೇ, ಲೈಸೆನ್ಸು ಐತೆ, ಲಾರಿ ಓಡ್ಸಾಕೆ ಬರಲ್ಲ. ಈಗ ನಾನೇನ್ ಮಾಡ್ಲಿ?" ಎಂದು ಹುಡುಗ ನಮ್ಮನ್ನು ಕೇಳಿದ. ಕೆಳಗಿಳಿಸಿದ ಮಾಲೀಕ ಅವನಿಗೆ ಉಪಕಾರವನ್ನೇ ಮಾಡಿದ ಎಂದೆವು. ಆದರೆ ಒತ್ತೆಯ ಓಲೆ ಹಿಂದಿರುಗಿ ಬರಲಿಲ್ಲ.

ನಾವು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಬಾರದ ಮಕ್ಕಳಿಗೆ ಹಾಜರಿ ಹಾಕುವುದು ಎಂಥ ಕಳ್ಳತನವೆಂದು ಬಲ್ಲೆವು. ಅಕ್ಷರ ಬಾರದವನನ್ನು ತೇರ್ಗಡೆ ಮಾಡಿದರೆ ಒಬ್ಬನ ಬಾಳು ಕೆಡುತ್ತದೆ. ಬ್ರೇಕಿನ ಮರ್ಮ ತಿಳಿಯದವನನ್ನು ತೇರ್ಗಡೆ ಮಾಡಿದರೆ ಎದುರಿನ ಬಸ್ಸಿನಲ್ಲಿ ಕೂತವರ ಬಾಳೂ ಕೆಡುತ್ತದೆ. ಆಗ ಜೈಲಿಗೆ ಹೋಗುವವನು ಯಾರು? ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಅಜಾಗರೂಕತೆಯಿಂದ ಸಾವು ತಂದವನಿಗೆ ಐದು ವರ್ಷದವರೆಗೆ ಸಜೆ. ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಎಂಬ ಉಪಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಅನೇಕ ಕಡೆ ಲಾರಿ ಚಾಲಕರು ಗಾಡಿ ನಿಲ್ಲಿಸಿದರು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಸರ್ಕಾರ ಬದಿಗಿಡಬೇಕಾಯಿತು. ಒಗ್ಗಟ್ಟಿಗೆ ಇರುವ ಶಕ್ತಿ ಅದು. ಆದರೆ ಕಲಿಸದೆ ಸರ್ಟಿಫಿಕೇಟು ಕೊಟ್ಟವನಿಗೆ ಎಷ್ಟು ವರ್ಷ ಎಂದು ಕೇಳುವವರು ಯಾರೂ ಇಲ್ಲ.

ಹಿಂದೆ ಲಾರಿ ಕಲಿಯುತ್ತಿದ್ದವನು ಕ್ಲೀನರ್ ಹುಡುಗ. ಚಕ್ರಕ್ಕೆ ಕಲ್ಲು ಕೊಡುತ್ತ, ಹಗ್ಗ ಬಿಗಿಯುತ್ತ, ಗುರುವಿನ ಬೈಗಳನ್ನೂ ಏಟನ್ನೂ ತಿನ್ನುತ್ತ ವರ್ಷಗಟ್ಟಲೆ ಪಕ್ಕದಲ್ಲಿ ಕೂತು ರಸ್ತೆಯನ್ನು ಓದುತ್ತಿದ್ದ. ಆ ಪದ್ಧತಿಯಲ್ಲಿ ಅನ್ಯಾಯವಿತ್ತು, ಅದನ್ನು ನಾವು ಹೊಗಳುವುದಿಲ್ಲ. ಆದರೆ ಕಲಿಯುವ ಕಾಲದಲ್ಲಿ ಅವನ ಊಟ ಲಾರಿಯ ಲೆಕ್ಕದಲ್ಲಿತ್ತು. ಇಂದು ಸಂಬಳ ಉಳಿಸಲು ಎಷ್ಟೋ ಮಾಲೀಕರು ಕ್ಲೀನರನನ್ನೇ ಕೈಬಿಟ್ಟಿದ್ದಾರೆ. ಕಲಿಸುವ ಖರ್ಚು ಮಾಲೀಕನ ಹೆಗಲಿನಿಂದ ಜಾರಿ ಬಡ ತಾಯಿಯ ಓಲೆಯ ಮೇಲೆ ಬಿದ್ದಿದೆ. ಇಷ್ಟು ಮಾಡಿದ ಮೇಲೆ ಇದೇ ಮಹಾಶಯರು ನುರಿತ ಚಾಲಕರು ಸಿಗುತ್ತಿಲ್ಲವೆಂದು ಗೋಳಾಡುತ್ತಾರೆ! ಬಿತ್ತದೆ ಕಣಕ್ಕೆ ಬಂದು ರಾಶಿ ಎಲ್ಲಿ ಎಂದು ಕೇಳಿದರೆ ಕೊಡುವವರು ಯಾರು?

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯಲ್ಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಎಲ್ಲವೂ ಬರೆದಿದೆ. ಲಾರಿ ಕಲಿಯಹೊರಟಿರುವ ತಮ್ಮಂದಿರು ಅದನ್ನು ತಿಳಿದುಕೊಂಡೇ ಶಾಲೆಯ ಬಾಗಿಲು ತುಳಿಯಬೇಕು. ಮೊದಲು ನಿಮ್ಮ ವಯಸ್ಸು ಇಪ್ಪತ್ತು ತುಂಬಿರಬೇಕು, ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾಗಿರಬೇಕು. ಇದಿಲ್ಲದೆಯೂ ಮಾಡಿಸಿಕೊಡುತ್ತೇವೆ ಎನ್ನುವ ಶಾಲೆ ಮೊದಲ ದಿನವೇ ಸುಳ್ಳು ಹೇಳುತ್ತಿದೆ. ಶಾಲೆಯ ಮೂಲ ಪರವಾನಗಿಯೂ ಕಲಿಸುವವರ ಹೆಸರೂ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ಆ ಪರವಾನಗಿಯಲ್ಲಿ ಭಾರೀ ವಾಹನ ಸೇರಿದೆಯೇ ಎಂದು ಓದಿ, ಓದು ಬಾರದಿದ್ದರೆ ಬಲ್ಲವರನ್ನು ಕರೆದೊಯ್ಯಿರಿ. ಲಾರಿಯನ್ನು ಕಣ್ಣಾರೆ ನೋಡಿ. ಕಲಿಸುವವನ ಕಾಲಿನ ಬಳಿಯೂ ಬ್ರೇಕು, ಕ್ಲಚ್ಚು ಇರಬೇಕು. ಪರೀಕ್ಷೆಯ ದಿನ ಮಾತ್ರ ಬಾಡಿಗೆಗೆ ಬರುವ ಲಾರಿಯಿಂದ ನಿಮಗೇನೂ ಬರುವುದಿಲ್ಲ. ಕಲಿಸುವವನಿಗೆ ಹತ್ತನೆಯ ತರಗತಿ, ಐದು ವರ್ಷದ ಚಾಲನೆ, ಮೋಟಾರು ಮೆಕಾನಿಕ್ ಕೆಲಸದ ಸರ್ಟಿಫಿಕೇಟು ಇರಬೇಕೆಂದು ನಿಯಮ. ಕೇಳಲು ಸಂಕೋಚ ಬೇಡ.

ಇನ್ನು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಎಷ್ಟು ಗಂಟೆ, ಎಲ್ಲಿ, ಯಾವ ಲಾರಿಯಲ್ಲಿ? ಲಾರಿ ತರಬೇತಿ ಮೂವತ್ತು ದಿನಕ್ಕೆ ಕಡಿಮೆ ಇರಕೂಡದು. ನೀವು ಓಡಿಸಿದ ಗಂಟೆಗಳನ್ನು ದಿನದಿನಕ್ಕೆ ಬರೆದಿಡುವ ಪುಸ್ತಕವೊಂದಿದೆ. ಖಾಲಿ ಪುಟಕ್ಕೆ ಎಂದೂ ಸಹಿ ಹಾಕಬೇಡಿ. ಹೊರೆ ತುಂಬಿದಾಗ ಲಾರಿಯ ಸ್ವಭಾವವೇ ಬೇರೆ, ನಿಲ್ಲಲು ಬೇಕಾಗುವ ದೂರವೇ ಬೇರೆ. ಘಾಟಿ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕು, ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಬರೀ ಬ್ರೇಕನ್ನು ಒತ್ತುತ್ತ ಬಂದರೆ ಡ್ರಮ್ಮು ಕಾದು ಬ್ರೇಕು ಹಿಡಿಯುವುದೇ ಇಲ್ಲ. ಗಾಳಿಯ ಬ್ರೇಕಿನ ಒತ್ತಡ ಏರುವ ಮುನ್ನ ಗಾಡಿ ಹೊರಡಿಸಬಾರದು. ಇದನ್ನೆಲ್ಲ ಬಯಲಿನಲ್ಲಿ ಖಾಲಿ ಲಾರಿಯನ್ನು ಸುತ್ತು ಹಾಕಿಸಿದರೆ ಶಿರಾಡಿ ಘಾಟಿಯಲ್ಲಿ ಯಾರು ಹೇಳಿಕೊಡುತ್ತಾರೆ? ಇವನ್ನು ಕಲಿಸುತ್ತೀರಾ ಎಂದು ಕೇಳಿ, ಹಣಕ್ಕೆ ರಸೀತಿ ಪಡೆಯಿರಿ. ಸರ್ಕಾರಿ ಶುಲ್ಕವೆಷ್ಟು, ಶಾಲೆಯ ಶುಲ್ಕವೆಷ್ಟು ಎಂದು ಬೇರೆಬೇರೆ ಬರೆಸಿಕೊಳ್ಳಿ. ಕಳೆದ ವರ್ಷ ಅಲ್ಲಿ ಕಲಿತವರಲ್ಲಿ ಇಬ್ಬರನ್ನು ಹುಡುಕಿ ಮಾತನಾಡಿಸಿ.

ಸರ್ಕಾರ ಏನು ಮಾಡಿದೆ? ಲಾರಿ ಚಾಲಕ ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆಯಿತು. ಓದಲಾಗದ ಬಡವನಿಗೆ ಅನ್ನದ ದಾರಿ ತೆರೆದದ್ದು ಸರಿಯೇ. ಆದರೆ ಅಂಥವನಿಗೆ ಕಲಿಸುವ ಹೊಣೆ ಹೆಚ್ಚಬೇಕಿತ್ತು. 2021ರ ಜುಲೈನಿಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳೆಂಬ ಹೊಸ ಏರ್ಪಾಟು ಬಂತು. ಭಾರೀ ವಾಹನಕ್ಕೆ ಎರಡು ಎಕರೆ ಜಾಗ, ಆರು ವಾರಗಳಲ್ಲಿ 38 ಗಂಟೆಯ ಪಾಠ. ಕಾಗದದ ಮೇಲೆ ಇದು ಉತ್ತಮವೇ. ಆದರೆ ಎರಡು ಎಕರೆ ಹೂಡಿ ಕೇಂದ್ರ ತೆರೆಯುವ ಶಕ್ತಿ ಯಾರಿಗಿದೆ? ಹಣವಂತರಿಗೆ, ಕಂಪನಿಗಳಿಗೆ. ಅಲ್ಲಿ ಪಾಸಾದವನಿಗೆ ಆರ್.ಟಿ.ಓ. ಪರೀಕ್ಷೆಯೇ ಬೇಡವಂತೆ. ಕಲಿಸುವವನೂ ಅವನೇ, ಪರೀಕ್ಷಿಸುವವನೂ ಅವನೇ, ಶುಲ್ಕ ಎಣಿಸಿಕೊಳ್ಳುವವನೂ ಅವನೇ! ಆರ್.ಟಿ.ಓ. ಪರೀಕ್ಷೆಯಲ್ಲಿ ಲಂಚವಿದೆಯೆಂದರೆ ಲಂಚವನ್ನು ಹಿಡಿಯಬೇಕು, ಪರೀಕ್ಷೆಯನ್ನು ವ್ಯಾಪಾರಿಗೆ ಒಪ್ಪಿಸುವುದಲ್ಲ.

ಸರ್ಕಾರಿ ಬಸ್ಸಿನ ನಿಗಮಗಳಿಗೆ ಹಾಸನದಲ್ಲಿ, ಹುಮನಾಬಾದಿನಲ್ಲಿ ಚಾಲಕರ ತರಬೇತಿ ಕೇಂದ್ರಗಳಿವೆ. ಅಂಥದೊಂದು ಸಾರ್ವಜನಿಕ ಕೇಂದ್ರ ಜಿಲ್ಲೆಗೊಂದು ಏಕಾಗಬಾರದು? ಭೂಹೀನರ, ಸಣ್ಣ ರೈತರ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದೆ ಕಲಿಸಲಿ, ಕಲಿಯುವ ವಾರಗಳಲ್ಲಿ ಊಟದ ಭತ್ಯ ಕೊಡಲಿ. ಅದರ ಖರ್ಚಿನಲ್ಲಿ ಪಾಲನ್ನು, ನುರಿತ ಚಾಲಕ ಬೇಕೆನ್ನುವ ಸಾರಿಗೆ ಕಂಪನಿಗಳಿಂದ ಕರವಾಗಿ ಪಡೆಯಲಿ. ಸುಳ್ಳು ಹಾಜರಿ ಬರೆದ ಶಾಲೆಯ ಪರವಾನಗಿ ರದ್ದಾಗಲಿ, ಶುಲ್ಕ ಹುಡುಗನಿಗೆ ಮರಳಲಿ. ಇವು ನಮ್ಮ ಪಕ್ಷದ ಬೇಡಿಕೆಗಳು.

ಅಲ್ಲಿಯವರೆಗೆ ತಮ್ಮಂದಿರೇ, ಒಬ್ಬೊಬ್ಬರೇ ಹೋಗಿ ಮೋಸಹೋಗಬೇಡಿ. ಊರಿನ ನಾಲ್ಕು ಜನ ಒಟ್ಟಾಗಿ ಹೋಗಿ ಕೇಳಿ. ಒಬ್ಬನನ್ನು ಗದರಿಸಿ ಕಳಿಸುವವನು ನಾಲ್ವರಿಗೆ ಪುಸ್ತಕ ತೋರಿಸುತ್ತಾನೆ. ಈಗಾಗಲೇ ಹಣ ಕಟ್ಟಿ ಕಲಿಯದೆ ಉಳಿದವರು ತಮ್ಮ ರಸೀತಿ, ಸರ್ಟಿಫಿಕೇಟುಗಳೊಂದಿಗೆ ಪಕ್ಷದ ಕಛೇರಿಗೆ ಬನ್ನಿ. ಓಲೆ ಒತ್ತೆಯಿಟ್ಟ ಆ ಹುಡುಗನ ಅರ್ಜಿಯನ್ನು ನಾವು ಬರೆದಾಗಿದೆ. ನಿಮ್ಮವನ್ನೂ ಸೇರಿಸಿಕೊಂಡು ಆರ್.ಟಿ.ಓ. ಕಛೇರಿಯ ಮುಂದೆ ಒಟ್ಟಿಗೇ ನಿಲ್ಲೋಣ.