ನಮ್ಮವರ ಉಚ್ಚಿ ನೋಡಾಕ ಯಾಕ ಅಸಹ್ಯ?



ನಮ್ಮ ಮುಗದದ ಕಾಕಾ ಊರು ಬಿಟ್ಟು ಮೂವತ್ತು ವರ್ಷ ಚರ್ಮಕ್ಕೆ ಬಣ್ಣ ಹಾಕಿದವ. ಉಚ್ಚಿ ಕೆಂಪಾತು, ನೋವಿಲ್ಲ. ದವಾಖಾನಿಗೆ ಹೋದ್ರ 'ಉಷ್ಣ ಆಗೇತಿ, ಎಳನೀರು ಕುಡಿ' ಅಂದ್ರು. ಎರಡು ಸಲ! ಏನು ಕೆಲಸ ಮಾಡ್ತಿದ್ದಿ ಅಂತ ಒಬ್ಬರೂ ಕೇಳಲಿಲ್ಲ. ಗೊತ್ತಾಗೂದ್ರಾಗ ಕ್ಯಾನ್ಸರ್ ಮೂತ್ರಕೋಶದ ಗೋಡೆ ದಾಟಿತ್ತು.

ಬಣ್ಣದ ಕಾರ್ಖಾನೆ ಕೂಲಿಗಳಿಗೆ ಈ ರೋಗ ಬರುತ್ತದೆಂದು ಜರ್ಮನಿಯ ವೈದ್ಯ ಲುಡ್ವಿಗ್ ರೇನ್ 1895ರಲ್ಲೇ ಹೇಳಿದ್ದ. ಮೂತ್ರದಲ್ಲಿ ಕ್ಯಾನ್ಸರ್ ಕಣ ಹುಡುಕುವ ಸೈಟಾಲಜಿ ಬಗ್ಗೆ 1945ರಲ್ಲೇ ಬರೆದಿದ್ದಾರೆ. ಈಗ ಪ್ರೋಟೀನು, ಡಿಎನ್‌ಎ ನೋಡೋ ದುಬಾರಿ ಪರೀಕ್ಷೆಗಳೂ ಬಂದಾವ. ಯಾವುದೂ ಪೂರ್ತಿ ನಂಬುವಂಥದ್ದಲ್ಲ. ಸೈಟಾಲಜಿ ಶುರುವಿನ ಸೌಮ್ಯ ಗಡ್ಡೆಗಳನ್ನು ಎಷ್ಟೋ ಸಲ ಬಿಟ್ಟುಬಿಡ್ತದೆ. ನಳಿಕೆ ಹಾಕಿ ಒಳಗ ನೋಡಲೇಬೇಕು.

'ಬೀಡಿ ಸೇದಿದ್ರಿ' ಅಂತಾರ. ಹೌದು, ತಂಬಾಕೇ ದೊಡ್ಡ ಕಾರಣ (ಬಿಡ್ರಪ್ಪಾ, ನಾನೂ ಹೇಳ್ತೀನಿ). ಆದ್ರ ಬಣ್ಣದ ತೊಟ್ಟಿಗೆ ನಮ್ಮವರನ್ನ ಇಳಿಸಿದ್ದು ಬೀಡಿಯಲ್ಲ, ಜಾತಿ.

ಊರ ಹೊಲಸು ಬಳಿದವರ ಉಚ್ಚಿ ನೋಡಾಕ ನಿಮಗ್ಯಾಕ ಅಸಹ್ಯ? ಹಳ್ಳಿಯ ಆರೋಗ್ಯ ಕೇಂದ್ರದಾಗ ಪಟ್ಟಿ ಅದ್ದಿ ರಕ್ತ ನೋಡ್ರಿ. ಚೀಟಿ ಮ್ಯಾಲೆ ಕಸುಬು ಬರೀರಿ. ರಕ್ತ ಕಂಡ್ರ ಎಳನೀರು ಬ್ಯಾಡ, ಹುಬ್ಬಳ್ಳಿಗೆ ಕಳಿಸ್ರಿ. ನಳಿಕೆ ಪರೀಕ್ಷೆಗೆ ಒಂದು ರೂಪಾಯಿನೂ ಕೇಳಬ್ಯಾಡ್ರಿ.