ಎತ್ತರ ಅಳೆದದ್ದು ಸಾಕು, ಕಾಲು ನೋಡಿ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ವರ್ಷದ ಆಟಗಾರ ಅನಿಸಿಕೊಂಡ ದೈತ್ಯನಿಗೆ ಎನ್‌ಬಿಎಯಲ್ಲಿ ಜಾಗ ಗ್ಯಾರಂಟಿ ಅಂದುಕೊಂಡಿದ್ದೀರಾ? 2021ರ ವಿಜೇತ ಲೂಕಾ ಗಾರ್ಜಾ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು 52ನೆಯವರಾಗಿ. 2022ರ ವಿಜೇತ ಆಸ್ಕರ್ ಶೀಬ್ವೆ ಅವರನ್ನು 2023ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲೇ ಇಲ್ಲ.

ಯಾಕೆ ಹೀಗೆ? ಕಾಲೇಜು ಆಟದಲ್ಲಿ ಎತ್ತರದವನು ಬುಟ್ಟಿಯ ಕೆಳಗೇ ಕಾವಲು ನಿಲ್ಲಬಹುದು. ಎನ್‌ಬಿಎಯಲ್ಲಿ, ಪಕ್ಕದಲ್ಲಿ ಎದುರಾಳಿ ಇಲ್ಲದಿದ್ದರೆ, ಅಲ್ಲಿ 3 ಸೆಕೆಂಡ್ ಮೀರುವಂತಿಲ್ಲ. ಚುರುಕಿನ ಹುಡುಗರು ಅವನನ್ನು ಮೂರು ಪಾಯಿಂಟ್ ಗೆರೆಯವರೆಗೂ ಎಳೆದು ಓಡಿಸುತ್ತಾರೆ.

7 ಅಡಿ 4 ಇಂಚಿನ ಜ್ಯಾಕ್ ಈಡೀ ಬಗ್ಗೆಯೂ ಇದೇ ಅನುಮಾನವಿತ್ತು. 2023ರಲ್ಲಿ ಪ್ರಶಸ್ತಿ ಗೆದ್ದರೂ ಅವರು ಡ್ರಾಫ್ಟ್‌ನಿಂದ ಹಿಂದೆ ಸರಿದು ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಮರಳಿದರು. 2024ರ ಫೈನಲ್‌ನಲ್ಲಿ ತಂಡ ಸೋತರೂ 37 ಅಂಕ ಗಳಿಸಿದರು. ಮೆಂಫಿಸ್ 9ನೆಯವರಾಗಿ ಆರಿಸಿಕೊಂಡಿತು. ಮೊದಲ ವರ್ಷವೇ ಹೊಸಬರ ಶ್ರೇಷ್ಠ ತಂಡದಲ್ಲಿ ಹೆಸರು ಬಂತು. ಆ ಒಂದು ವರ್ಷದ ತಾಳ್ಮೆ ದಂಡವಾಗಲಿಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಪಂಜಾಬಿನ ಹಳ್ಳಿ ಹುಡುಗ ಸತ್ನಾಮ್ ಸಿಂಗ್ ಕಾಲೇಜು ಆಡದೆ 2015ರಲ್ಲಿ ನೇರ ಡ್ರಾಫ್ಟ್‌ಗೆ ಹೋದರು. ಅವರೂ 52ನೆಯವರೇ. ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ.

ನಾವು ಹೇಳುವುದಿಷ್ಟೇ: ಉದ್ದದ ಹುಡುಗ ಕಂಡರೆ ಇಂಚು ಎಣಿಸುವ ಮೊದಲು, ಅವನು ಅಕ್ಕಪಕ್ಕ ಎಷ್ಟು ಬೇಗ ಸರಿಯುತ್ತಾನೆ ನೋಡಿ. ನಿಧಾನವಿದ್ದರೆ ಕಲಿಯಲು ಸಮಯ ಕೊಡಿ.