ಹದಿನಾಲ್ಕು ದಿನದ ಪ್ರಾಣಿದಯೆ

ಈಚೆಗೆ ನಮ್ಮ ನಗರಗಳ ವಿದ್ಯಾವಂತರಲ್ಲಿ ಒಂದು ಹೊಸ ಪುಣ್ಯಕಾರ್ಯ ಪ್ರಚಾರಕ್ಕೆ ಬಂದಿದೆ. ರಜೆ ಹಾಕಿ, ವಿಮಾನ ಹತ್ತಿ, ಥಾಯ್ಲೆಂಡಿಗೋ ದಕ್ಷಿಣ ಆಫ್ರಿಕಕ್ಕೋ ಹೋಗಿ, ಅಲ್ಲಿನ ಯಾವುದೋ ಪ್ರಾಣಿಧಾಮದಲ್ಲಿ ಎರಡು ವಾರ ಆನೆಯ ಮೈ ತೊಳೆದು, ಸಿಂಹದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬರುವುದು. ಇದಕ್ಕೆ ಸ್ವಯಂಸೇವೆ ಎಂದು ಹೆಸರು. ಸೇವೆ ಮಾಡುವವರೇ ದಿನಕ್ಕಿಷ್ಟೆಂದು ಹಣ ಕಟ್ಟಬೇಕೆಂಬುದು ಇದರ ವಿಶೇಷ. ಆಳೇ ಯಜಮಾನನಿಗೆ ಕೂಲಿ ಕೊಡುವ ಈ ಏರ್ಪಾಡನ್ನು ಕಂಡುಹಿಡಿದ ಮಹಾನುಭಾವ ಯಾರೋ ತಿಳಿಯದು. ಅವನು ಒಳ್ಳೆಯ ವ್ಯಾಪಾರಿ ಎಂಬುದರಲ್ಲಿ ಮಾತ್ರ ನನಗೆ ಸಂದೇಹವಿಲ್ಲ.

ನಾನು ಪ್ರಾಣಿದಯೆಯ ವಿರೋಧಿಯಲ್ಲ. ಸಿಂಧನೂರು ಸೀಮೆಯಲ್ಲಿ ದನಕರುಗಳಿಗೆ ಮದ್ದು ಹಾಕುತ್ತಲೇ ತಲೆ ನೆರೆಸಿಕೊಂಡವನು. ಆ ಅನುಭವದಿಂದ ಹೇಳುತ್ತೇನೆ: ಹೊಸಬನು ಮುಟ್ಟಿದರೆ ಎತ್ತು ಸಹ ಒದೆಯುತ್ತದೆ. ಹೀಗಿರಲಾಗಿ, ವಾರಕ್ಕೊಬ್ಬ ಹೊಸ ಮನುಷ್ಯ ಬಂದು ಕಿವಿ ತಿಕ್ಕಿದರೂ ಆನೆಯೊಂದು ಸುಮ್ಮನೆ ನಿಂತಿರುವುದಾದರೆ, ಅದು ಹಾಗೆ ನಿಲ್ಲುವುದನ್ನು ಎಲ್ಲಿ, ಯಾವ ವಯಸ್ಸಿನಲ್ಲಿ, ಯಾವ ಏಟಿನಿಂದ ಕಲಿಯಿತು ಎಂದು ಕೇಳಬೇಡವೆ? ಮರಿಯನ್ನು ತಾಯಿಯಿಂದ ಅಗಲಿಸಿ, ಇಕ್ಕಟ್ಟಾದ ಮರದ ಚೌಕಟ್ಟಿನಲ್ಲಿ ಬಿಗಿದು, ಹಸಿವಿನಿಂದಲೂ ಅಂಕುಶದಿಂದಲೂ ಅದರ ಛಲ ಮುರಿಯುವ ಪದ್ಧತಿ ಥಾಯ್ಲೆಂಡಿನಲ್ಲಿ ಹಳೆಯದು. 1989ರಲ್ಲಿ ಆ ದೇಶ ಕಾಡಿನ ಮರ ಕಡಿಯುವುದನ್ನು ನಿಷೇಧಿಸಿತು. ದಿಮ್ಮಿ ಎಳೆಯುತ್ತಿದ್ದ ಆನೆಗಳಿಗೂ ಅವುಗಳ ಮಾವುತರಿಗೂ ಒಮ್ಮೆಗೇ ಕೆಲಸ ತಪ್ಪಿತು, ಪ್ರವಾಸಿಗಳು ಅನ್ನದಾತರಾದರು. ಮೊದಲು ಸವಾರಿ, ಸವಾರಿಗೆ ಛೀಮಾರಿ ಬಿದ್ದ ಮೇಲೆ ಸ್ನಾನ. ಫಲಕ ಬದಲಾಯಿತು. ಸರಪಳಿ ಬದಲಾಯಿತೋ ಇಲ್ಲವೋ, ಮಧ್ಯಾಹ್ನ ನೀರಾಟಕ್ಕೆ ಬಂದವರಿಗೆ ಅದು ಕಾಣಿಸುವುದಿಲ್ಲ.

ಹುಲಿಯ ಕಥೆ ಇನ್ನೂ ಘೋರ. ಅದೇ ದೇಶದ ಕಾಂಚನಬುರಿಯಲ್ಲಿ ಬೌದ್ಧ ಭಿಕ್ಷುಗಳ ಹುಲಿ ದೇವಾಲಯವೊಂದಿತ್ತು. ಅಲ್ಲಿಗೂ ಪರದೇಶದ ಸ್ವಯಂಸೇವಕರು ಹೋಗಿ ಮರಿಗಳಿಗೆ ಹಾಲುಣಿಸುತ್ತಿದ್ದರು. 2016ರಲ್ಲಿ ಸರ್ಕಾರ ನುಗ್ಗಿ 137 ಹುಲಿಗಳನ್ನು ಹೊರಗೆ ತಂದಾಗ, ಶೀತಲಪೆಟ್ಟಿಗೆಯಲ್ಲಿ 40 ಸತ್ತ ಮರಿಗಳು ಸಿಕ್ಕವು. ಬಿಡಿಸಿ ತಂದ ಹುಲಿಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು 2019ರ ಹೊತ್ತಿಗೆ ಸತ್ತಿದ್ದವು. ದಕ್ಷಿಣ ಆಫ್ರಿಕದಲ್ಲಿ ‘ಅನಾಥ’ ಸಿಂಹದ ಮರಿಗಳನ್ನು ಸಾಕಲು ಹಣ ಕೊಟ್ಟು ಹೋದವರಲ್ಲಿ ಎಷ್ಟೋ ಮಂದಿಗೆ, ಆ ಮರಿಗಳನ್ನು ಅನಾಥ ಮಾಡಿದವರು ಸಾಕಣೆದಾರರೇ ಎಂಬುದು ತಿಳಿದದ್ದು ತಡವಾಗಿ. ಬೆಳೆದ ಸಿಂಹ ಬೇಲಿಯೊಳಗಿನ ಬೇಟೆಗೆ. ಅದರ ಮೂಳೆ ಹಡಗಿಗೆ. ಈ ಸಾಕಣೆಯನ್ನು ನಿಲ್ಲಿಸುವೆವೆಂದು ಅಲ್ಲಿನ ಸರ್ಕಾರ 2021ರಲ್ಲಿ ಸಾರಿತು. ಹಾಲು ಕುಡಿಸಿದ ಕೈಗಳು ದುಷ್ಟ ಕೈಗಳಲ್ಲ. ಆದರೆ ಆ ಕೈಗಳು ಬರುತ್ತವೆಂದೇ ಮರಿಗಳನ್ನು ಹುಟ್ಟಿಸಲಾಗುತ್ತಿತ್ತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗಳು ಇಂಥದೇ ಒಂದು ಯಾತ್ರೆಗೆ ಹಣ ಹೊಂದಿಸುತ್ತಿದ್ದಾಳೆ. ನನ್ನ ಪಾಲನ್ನೂ ಕೇಳಿದಳು. ನಾನು ಕೊಡಲಿಲ್ಲ. “ಕಾಕಾ, ಜೀವನಪೂರ್ತಿ ದನಕ್ಕ ಸೂಜಿ ಹಾಕಿದವ್ರು ನೀವು. ನೀವೇ ಬ್ಯಾಡ ಅಂದ್ರ ಹ್ಯಾಂಗ? ನಾವು ಕೊಟ್ಟ ರೊಕ್ಕದಾಗರ ಆ ಆನಿ ಹೊಟ್ಟಿ ತುಂಬ್ತದಲ್ಲ?” ಎಂದಳು. ವಾದ ತೆಗೆದುಹಾಕುವಂಥದಲ್ಲ. ಆನೆಗೆ ದಿನಕ್ಕೆ ನೂರಾರು ಕಿಲೋ ಮೇವು ಬೇಕು. ಅದು ಪುಕ್ಕಟೆ ಬೆಳೆಯುವುದಿಲ್ಲ. ಆದರೆ ಮೇವಿಗೆಂದು ಕೊಡುವವರು ಮೇವಿಗೆಂದೇ ಕೊಡಬಹುದಲ್ಲ! ವಿಮಾನಕ್ಕೂ ವಸತಿಗೂ ಮುಕ್ಕಾಲು ಖರ್ಚು ಮಾಡಿ, ಉಳಿದುದನ್ನು ಆನೆಗೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಅದರ ಸೊಂಡಿಲನ್ನು ಹಿಡಿದು ಚಿತ್ರ ತೆಗೆಸಿಕೊಳ್ಳುವುದನ್ನು ದಾನವೆನ್ನಲು ನನ್ನ ನಾಲಗೆ ಏಳದು.

ನಮ್ಮ ಆರ್.ಎಚ್. ಕ್ಯಾಂಪುಗಳ ಹೆಸರಿನಲ್ಲಿಯೇ ‘ಪುನರ್ವಸತಿ’ ಇದೆ. ಪೂರ್ವ ಪಾಕಿಸ್ತಾನದಲ್ಲಿ ನೆಲೆ ತಪ್ಪಿದ ಬಂಗಾಳಿ ಕುಟುಂಬಗಳನ್ನು ಸರ್ಕಾರ ಐವತ್ತು ವರ್ಷಗಳಿಗೂ ಹಿಂದೆ ತಂದು ಕೂರಿಸಿದ ಊರುಗಳಿವು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಕರಿಮಣ್ಣು, ಮೀನು ಭತ್ತ ಬಲ್ಲವರಿಗೆ ಜೋಳದ ನಾಡು. ಅಲ್ಲಿನ ವೃದ್ಧರೊಬ್ಬರ ಹಸುವಿಗೆ ಔಷಧ ಕೊಡುತ್ತ ನಾನೊಮ್ಮೆ, ಮೊದಮೊದಲು ನಿಮಗೆ ಯಾರು ನೆರವಾದರು ಎಂದು ವಿಚಾರಿಸಿದೆ. ಕಂಬಳಿ ಹಂಚಲು ಬಂದು ಸಂಜೆಗೆ ಹೊರಟುಹೋದವರು ಬಹಳ ಮಂದಿ ಇದ್ದರಂತೆ. ಒಬ್ಬರ ಮುಖವೂ ಅವರಿಗೆ ನೆನಪಿಲ್ಲ. ನೆನಪಿದ್ದುದು ಒಬ್ಬ ಕಂಪೌಂಡರು. ಸಿಡುಕಿನವನು, ಮಾತು ಒರಟು. ಆದರೆ ಹತ್ತು ವರ್ಷ ಅಲ್ಲಿಯೇ ಇದ್ದ, ಬಂಗಾಳಿಯಲ್ಲಿ ಬಯ್ಯುವುದನ್ನೂ ಕಲಿತಿದ್ದ.

ಮನುಷ್ಯರ ಮಾತು ಮೃಗಕ್ಕೆ ಹೇಗೆ ಹೊಂದುತ್ತದೆ ಎಂದೀರಿ. ಬನ್ನೇರುಘಟ್ಟಕ್ಕೆ ಹೋಗಿ ನೋಡಿ. ಮೂಗಿಗೆ ಹಗ್ಗ ಪೋಣಿಸಿಕೊಂಡು ಬೀದಿಯಲ್ಲಿ ಕುಣಿಯುತ್ತಿದ್ದ ಕರಡಿಗಳಿಗೆ ಅಲ್ಲೊಂದು ಆಸರೆ ಇದೆ. ದೇಶದ ಕೊನೆಯ ಕುಣಿತದ ಕರಡಿ ಅಲ್ಲಿಗೆ ಬಂದದ್ದು 2009ರಲ್ಲಿ. 1972ರಿಂದ ಕಾನೂನಿದ್ದರೂ ಕುಣಿತ ನಿಂತಿರಲಿಲ್ಲ. ಕರಡಿಯಾಡಿಸುವ ಕಲಂದರರಿಗೆ ಬೇರೆ ಕಸುಬಿಗೆ ದುಡ್ಡು ಕೊಟ್ಟು, ಅವರ ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ನಿಂತಿತು. ಇದಕ್ಕೆ ವರ್ಷಗಳೇ ಹಿಡಿದವು. ಕರಡಿಯನ್ನು ತಬ್ಬಿಕೊಳ್ಳುವ ಅವಕಾಶ ಇದರಲ್ಲಿ ಯಾರಿಗೂ ಇರಲಿಲ್ಲ. 1994ರಲ್ಲಿ ಆದ ದರೋಜಿ ಕರಡಿಧಾಮದಲ್ಲಿಯೂ ನೋಡುವವರು ಗೋಪುರದ ಮೇಲೆ, ಕರಡಿ ದೂರದ ಬಂಡೆಯ ಮೇಲೆ. ಕೆಲವರಿಗೆ ಇದರಿಂದ ನಿರಾಸೆಯಂತೆ. ಆಗಲಿ!

ಕೈಯಿಂದಲೇ ಏನಾದರೂ ಮಾಡಬೇಕೆನ್ನುವವರಿಗೆ ನಮ್ಮಲ್ಲಿ ಕೆಲಸಕ್ಕೆ ಬರವಿಲ್ಲ. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವಾಗ ಹಗ್ಗ ಹಿಡಿಯುವವರು ಸಿಕ್ಕುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳ ಮೈಯೆಲ್ಲ ಬೊಕ್ಕೆಯೆದ್ದಾಗ, ಬೇವಿನ ಸೊಪ್ಪು ಕುದಿಸಿ ಹುಣ್ಣು ತೊಳೆಯಲು ಮನೆಯ ಹೆಂಗಸರಲ್ಲದೆ ಇನ್ನೊಬ್ಬರಿರಲಿಲ್ಲ. ನಾಯಿಯಿಂದ ಬರುವ ರೇಬಿಸ್ ಸಾವುಗಳನ್ನು 2030ರೊಳಗೆ ಇಲ್ಲವಾಗಿಸುವುದು ಕೇಂದ್ರ ಸರ್ಕಾರದ ಗುರಿ. ಬೀದಿಯಲ್ಲಿ ನಾಯಿ ಹಿಡಿದುಕೊಡುವವರಿಲ್ಲದೆ ಅದು ಕಾಗದದಲ್ಲಿಯೇ ಉಳಿದೀತು. ನಾಯಿ ಹಿಡಿಯುವವನ ಚಿತ್ರ ಚೆನ್ನಾಗಿ ಬರುವುದಿಲ್ಲ ನಿಜ.

ಇಷ್ಟರ ಮೇಲೂ ಪರದೇಶಕ್ಕೇ ಹೋಗುವೆನೆನ್ನುವವರನ್ನು ತಡೆಯಲು ನಾನು ಯಾರು? ಹಣ ಕಟ್ಟುವ ಮುನ್ನ ಆ ಧಾಮದವರಿಗೆ ಒಂದು ಕಾಗದ ಬರೆಯಲಿ. ಮರಿಗಳು ಎಲ್ಲಿಂದ ಬಂದವು, ಬೆಳೆದ ಮೇಲೆ ಎಲ್ಲಿಗೆ ಹೋಗುತ್ತವೆ? ಅತಿಥಿಗಳು ಮುಟ್ಟಬಹುದೆ? ಮುಟ್ಟಬಹುದು ಎಂದು ಉತ್ತರ ಬಂದರೆ ಅಲ್ಲಿಗೇ ಬಿಡಲಿ. ಮುಟ್ಟುವಂತಿಲ್ಲ, ಲಾಯ ಬಳಿಯುವ ಕೆಲಸವಿದೆ, ಆರು ತಿಂಗಳು ಇರಬೇಕು ಎಂದು ಬಂದರೆ ಮುಂದಿನ ಮಾತು ಕೇಳಲಿ: ಅಲ್ಲಿನ ಮಾವುತನಿಗೆ ತಿಂಗಳಿಗೆ ಎಷ್ಟು ಸಂಬಳ, ಅವನಿಗೆ ವಾರಕ್ಕೊಂದು ದಿನವಾದರೂ ರಜೆ ಉಂಟೆ?